ಕೀಟೋನ್ ಕುಡಿದರೆ ಸ್ನಾಯು ಉಳಿಯುತ್ತದೆಯೇ?

ಜಿಮ್‌ಗೆ ಹೋಗುವವರ ಚೀಲದಲ್ಲಿ ವ್ಹೇ ಪ್ರೋಟೀನ್ ಮತ್ತು ಕ್ರಿಯಾಟಿನ್ ಜೊತೆಗೆ ಈಗ ಕೀಟೋನ್ ಬಾಟಲಿಯೂ ಸೇರಿಕೊಳ್ಳುತ್ತಿದೆ. ಮಾರುವವರು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ: ಕೊಬ್ಬು ಕರಗುತ್ತದೆ, ಸ್ನಾಯು ಉಳಿಯುತ್ತದೆ. ಕೊಬ್ಬಿನ ಮಾತನ್ನು ಇಲ್ಲಿ ಬಿಡೋಣ. ಸ್ನಾಯುವಿನ ಮಾತಿನ ಹಿಂದೆ ನಿಜವಾದ ವಿಜ್ಞಾನ ಇದೆ. ಅದು ಐವತ್ತು ವರ್ಷಕ್ಕೂ ಹಳೆಯದು, ಬಹಳ ಸುಂದರವಾದದ್ದು. ಆದರೆ ಅದು ಶುರುವಾದದ್ದು ಹಸಿದ ದೇಹದ ಅಧ್ಯಯನದಿಂದ. ಮೂರು ಹೊತ್ತು ಉಂಡು, ಸಂಜೆ ಡಂಬೆಲ್ ಎತ್ತುವ ಆರೋಗ್ಯವಂತರಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ನಾಯು ಅಪಾಯದಲ್ಲಿದ್ದಾಗ ಕೀಟೋನ್ ಅದನ್ನು ಕಾಪಾಡುತ್ತದೆ, ಇದು ನಿಜ. ಅಪಾಯವೇ ಇಲ್ಲದ ಕಡೆ ಅದಕ್ಕೆ ಮಾಡಲು ಹೆಚ್ಚು ಕೆಲಸ ಉಳಿದಿರುವುದಿಲ್ಲ. ಹಾಗೆ ಯಾಕೆ ಅನ್ನುತ್ತೇನೆ ಎಂದು ತಿಳಿಯಬೇಕಾದರೆ ಕೀಟೋನ್ ದೇಹದಲ್ಲಿ ಯಾವಾಗ ಹುಟ್ಟುತ್ತದೆ, ಯಾತಕ್ಕೆ ಹುಟ್ಟುತ್ತದೆ ಅನ್ನುವುದರಿಂದ ಶುರುಮಾಡಬೇಕು.

ಊಟ ಮಾಡಿ ಹೊತ್ತು ಕಳೆದಂತೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಆಗ ಕೊಬ್ಬಿನ ಕೋಶಗಳು ತಮ್ಮಲ್ಲಿರುವ ಕೊಬ್ಬನ್ನು ಒಡೆದು ರಕ್ತಕ್ಕೆ ಬಿಡುತ್ತವೆ. ಲಿವರ್ ಅದನ್ನು ಎತ್ತಿಕೊಂಡು ಮೂರು ಪದಾರ್ಥ ಮಾಡುತ್ತದೆ: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್. ಇವನ್ನೇ ಒಟ್ಟಾಗಿ ಕೀಟೋನ್ ಅನ್ನುವುದು. ಅಸಿಟೋನ್ ಬಹುಪಾಲು ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಒಂದೆರಡು ದಿನ ಉಪವಾಸ ಇದ್ದವರ ಬಾಯಿಂದ ಒಂಥರಾ ಹಣ್ಣಿನಂಥ ವಾಸನೆ ಬರುತ್ತದಲ್ಲ, ಅದು ಇದೇ. ಉಳಿದ ಎರಡು ರಕ್ತದಲ್ಲಿ ಸುತ್ತಿ ಹೃದಯ, ಮೂತ್ರಪಿಂಡ, ಸ್ನಾಯು, ಮೆದುಳಿಗೆ ಇಂಧನವಾಗುತ್ತವೆ. ತಯಾರಿಸುವ ಲಿವರ್ ಮಾತ್ರ ಅವನ್ನು ಉರಿಸಲಾರದು. ಅದಕ್ಕೆ ಬೇಕಾದ ಎಂಜೈಮ್ ಲಿವರ್‌ನಲ್ಲಿ ಇಲ್ಲ. ಮಾಡಿದ್ದೆಲ್ಲ ಬೇರೆಯವರಿಗೇ.

ರಕ್ತದಲ್ಲಿ ಹೆಚ್ಚಾಗಿ ಅಳೆಯುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು. ಇನ್ನು ಮುಂದೆ ಬಿಎಚ್‌ಬಿ ಅನ್ನೋಣ. ಊಟ ಆದ ಮೇಲೆ ಇದು ಲೀಟರಿಗೆ 0.1 ಮಿಲಿಮೋಲ್ ಆಸುಪಾಸಿನಲ್ಲಿ ಇರುತ್ತದೆ. ರಾತ್ರಿ ಮಲಗಿ ಎದ್ದಾಗ ತುಸು ಜಾಸ್ತಿ. ಕೀಟೋ ಡಯಟ್ ಮಾಡುವವರಲ್ಲಿ ಸಾಮಾನ್ಯವಾಗಿ 0.5ರಿಂದ 3. ವಾರಗಟ್ಟಲೆ ಉಪವಾಸ ಮಾಡಿದರೆ 5ರಿಂದ 7. ಇನ್ಸುಲಿನ್ ಪೂರ್ತಿ ಕೈಕೊಟ್ಟ ಸಕ್ಕರೆ ಕಾಯಿಲೆಯವರಲ್ಲಿ ಇದು ಹತ್ತನ್ನೂ ದಾಟಿ ರಕ್ತ ಆಮ್ಲೀಯವಾಗುತ್ತದೆ, ಜೀವಕ್ಕೇ ಅಪಾಯ. ಈ ಅಂಕಿಗಳು ನೆನಪಿರಲಿ, ಮುಂದೆ ಬಾಟಲಿಯ ವಿಷಯ ಬಂದಾಗ ಬೇಕಾಗುತ್ತವೆ.

ಉಪವಾಸದ ಲೆಕ್ಕ

ಸ್ನಾಯುವಿಗೂ ಕೀಟೋನ್‌ಗೂ ಇರುವ ನಂಟು ಗೊತ್ತಾದದ್ದು ಒಂದು ಲೆಕ್ಕ ಹೊಂದದೇ ಹೋದದ್ದರಿಂದ.

ಮೆದುಳು ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಕೊಬ್ಬನ್ನು ಅದು ನೇರವಾಗಿ ಇಂಧನ ಮಾಡಿಕೊಳ್ಳುವುದಿಲ್ಲ. ಊಟ ಬಿಟ್ಟರೆ ಲಿವರ್‌ನಲ್ಲಿ ಕೂಡಿಟ್ಟ ಗ್ಲೂಕೋಸ್ ದಾಸ್ತಾನು, ಅಂದರೆ ಗ್ಲೈಕೋಜನ್, ಒಂದು ದಿನಕ್ಕೆಲ್ಲ ಹೆಚ್ಚುಕಡಿಮೆ ಖಾಲಿ. ಆಮೇಲೆ ಗ್ಲೂಕೋಸ್ ಎಲ್ಲಿಂದ ಬರಬೇಕು? ಬಹುಪಾಲು ಪ್ರೋಟೀನ್ ಒಡೆದೇ ಬರಬೇಕು. ಪ್ರೋಟೀನ್‌ನ ದೊಡ್ಡ ದಾಸ್ತಾನು ಇರುವುದು ಸ್ನಾಯುವಿನಲ್ಲಿ. ನೂರು ಗ್ರಾಂ ಪ್ರೋಟೀನ್ ಒಡೆದರೆ ಸಿಗುವ ಗ್ಲೂಕೋಸ್ 60 ಗ್ರಾಂಗಿಂತ ಕಡಿಮೆ. ಅಂದರೆ ಮೆದುಳೊಂದನ್ನೇ ಸಾಕಲು ದಿನಕ್ಕೆ 170 ಗ್ರಾಂಗೂ ಜಾಸ್ತಿ ಪ್ರೋಟೀನ್ ಕರಗಬೇಕು. ಎಪ್ಪತ್ತು ಕಿಲೋ ತೂಗುವ ಒಬ್ಬರ ಸ್ನಾಯುವಿನಲ್ಲಿ ಇರುವ ಪ್ರೋಟೀನ್ ಐದಾರು ಕಿಲೋ. ಈ ವೇಗದಲ್ಲಿ ಕರಗಿದರೆ ಮೂರು ವಾರದೊಳಗೆ ಅರ್ಧ ಹೋಗಿಬಿಡುತ್ತದೆ. ಉಸಿರಾಡುವುದೂ ಸ್ನಾಯುವಿನಿಂದಲೇ ಅಲ್ವಾ? ಅಷ್ಟು ಕರಗಿದ ಮೇಲೆ ಮನುಷ್ಯ ಬದುಕುವುದು ಕಷ್ಟ.

ಆದರೆ ಮನುಷ್ಯರು ಅದಕ್ಕಿಂತ ಬಹಳ ದಿನ ಉಪವಾಸ ಇದ್ದದ್ದು ಇತಿಹಾಸದಲ್ಲಿ ದಾಖಲಾಗಿದೆ. ಲಾಹೋರ್ ಜೈಲಿನಲ್ಲಿ ಜತೀಂದ್ರನಾಥ ದಾಸ್ ಅವರು ಉಪವಾಸದ 63ನೇ ದಿನ, 1929ರ ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟರು. 1981ರಲ್ಲಿ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಉಪವಾಸ ಕೂತು ಸತ್ತ ಹತ್ತು ಜನರೂ ಆರು ವಾರಕ್ಕಿಂತ ಜಾಸ್ತಿ ಬದುಕಿದ್ದರು. ಹಾಗಾದರೆ ಮೆದುಳು ಗ್ಲೂಕೋಸ್ ಬಿಟ್ಟು ಬೇರೇನನ್ನೋ ಉರಿಸುತ್ತಿರಬೇಕು.

ಅದು ಏನೆಂದು ತೋರಿಸಿಕೊಟ್ಟದ್ದು 1967ರಲ್ಲಿ ಬಾಸ್ಟನ್‌ನ ಜಾರ್ಜ್ ಕಾಹಿಲ್ ಮತ್ತು ಆಲಿವರ್ ಓವೆನ್ ಅವರ ತಂಡ. ತುಂಬಾ ದಪ್ಪ ಇದ್ದ ಮೂವರು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ, ಐದಾರು ವಾರ ಉಪವಾಸ ಮಾಡಿದ್ದರು. ಆಗೆಲ್ಲ ತೂಕ ಇಳಿಸಲು ಹಾಗೆ ಮಾಡಿಸುವ ಪದ್ಧತಿ ಇತ್ತು. ಅವರ ಮೆದುಳಿಗೆ ಹೋಗುವ ರಕ್ತ, ಮೆದುಳಿನಿಂದ ಹಿಂದೆ ಬರುವ ರಕ್ತ ಎರಡನ್ನೂ ಅಳೆದರು. ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್ ಆಗಿರಲಿಲ್ಲ, ಕೀಟೋನ್ ಆಗಿತ್ತು.

ಇದರ ಪರಿಣಾಮ ಮೂತ್ರದಲ್ಲಿ ಕಾಣುತ್ತದೆ. ಪ್ರೋಟೀನ್ ಒಡೆದು ಉರಿದಾಗ ಅದರಲ್ಲಿನ ಸಾರಜನಕ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಒಂದು ಗ್ರಾಂ ಸಾರಜನಕ ಅಂದರೆ 6.25 ಗ್ರಾಂ ಪ್ರೋಟೀನ್ ಹೋಯಿತು ಎಂದು ಲೆಕ್ಕ. ಉಪವಾಸದ ಮೊದಲ ದಿನಗಳಲ್ಲಿ ದಿನಕ್ಕೆ 12 ಗ್ರಾಂ ಸಾರಜನಕ ಹೋಗುತ್ತದೆ, ಅಂದರೆ 75 ಗ್ರಾಂ ಪ್ರೋಟೀನ್. ವಾರಗಳು ಕಳೆದು ಕೀಟೋನ್ ಏರಿದ ಮೇಲೆ ಅದು 3ರಿಂದ 4 ಗ್ರಾಂಗೆ ಇಳಿಯುತ್ತದೆ, ಅಂದರೆ 20ರಿಂದ 25 ಗ್ರಾಂ ಪ್ರೋಟೀನ್. ನಷ್ಟ ಮೂರರಲ್ಲಿ ಒಂದು ಪಾಲಿಗೆ ಬಂತು. ಒಲೆಗೆ ಸೌದೆ ಇಲ್ಲ ಎಂದು ಮನೆಯ ತೊಲೆ ಕಿತ್ತು ಉರಿಸುತ್ತಿದ್ದವರಿಗೆ ಹೊರಗಿನಿಂದ ಸೌದೆ ಸಿಕ್ಕಿತು ಅನ್ನಿ. ತೊಲೆ ಉಳಿಯಿತು. ಹೊಸ ತೊಲೆ ಏನೂ ಬರಲಿಲ್ಲ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು. ಉಪವಾಸದಲ್ಲಿ ಕೀಟೋನ್ ಮಾಡುವುದು ಉಳಿಸುವ ಕೆಲಸ. ಬೆಳೆಸುವ ಕೆಲಸ ಅದಲ್ಲ.

ಕಟ್ಟುವುದು, ಒಡೆಯುವುದು, ಉರಿಸುವುದು

ಸ್ನಾಯು ಒಮ್ಮೆ ಬೆಳೆದು ಹಾಗೇ ಕೂತಿರುವ ವಸ್ತು ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಿಲ್ಲ. ದೇಹ ದಿನಕ್ಕೆ 250ರಿಂದ 300 ಗ್ರಾಂ ಪ್ರೋಟೀನ್ ಒಡೆಯುತ್ತದೆ, ಅಷ್ಟನ್ನೇ ಮತ್ತೆ ಕಟ್ಟುತ್ತದೆ. ನಾವು ತಿನ್ನುವುದು ಅದರ ಕಾಲು ಭಾಗದಷ್ಟು. ಮಿಕ್ಕದ್ದೆಲ್ಲ ಹಳೇ ಸಾಮಾನಿನ ಮರುಬಳಕೆ. ಸ್ನಾಯುವಿನ ಪ್ರೋಟೀನ್‌ನಲ್ಲಿ ದಿನಕ್ಕೆ ಶೇಕಡ ಒಂದರಿಂದ ಎರಡರಷ್ಟು ಹೊಸದಾಗುತ್ತಲೇ ಇರುತ್ತದೆ.

ಹಾಗಾಗಿ ಯಾವುದೇ ಪದಾರ್ಥ ಸ್ನಾಯುವಿಗೆ ಒಳ್ಳೆಯದು ಅಂದಾಗ ಮೂರು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಕಟ್ಟುವ ವೇಗ ಹೆಚ್ಚಿತೇ? ಒಡೆಯುವ ವೇಗ ತಗ್ಗಿತೇ? ಒಡೆದಾಗ ಸಿಕ್ಕ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್‌ನ ಬಿಡಿ ತುಣುಕುಗಳು, ಮತ್ತೆ ಕಟ್ಟಲು ಹೋದವೇ, ಇಲ್ಲಾ ಉರಿದು ಕಳೆದುಹೋದವೇ? ಜಾಹೀರಾತಿನಲ್ಲಿ ಈ ಮೂರೂ ಒಂದೇ ಮಾತಾಗಿ ಕಲಸಿಹೋಗುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ.

ಅಳೆಯುವ ವಿಧಾನ ಸೊಗಸಾಗಿದೆ. ಲ್ಯೂಸಿನ್ ಎಂಬ ಅಮೈನೋ ಆಮ್ಲದಲ್ಲಿ ಸಾಧಾರಣ ಇಂಗಾಲದ ಬದಲು ಸ್ವಲ್ಪ ಭಾರದ ಇಂಗಾಲ-13 ಇಟ್ಟು ರಕ್ತಕ್ಕೆ ಹನಿಹನಿಯಾಗಿ ಬಿಡುತ್ತಾರೆ. ಇದರಲ್ಲಿ ವಿಕಿರಣ ಇಲ್ಲ, ಅಪಾಯ ಇಲ್ಲ. ಆ ಇಂಗಾಲ ಉಸಿರಿನಲ್ಲಿ ಬಂದರೆ ಲ್ಯೂಸಿನ್ ಉರಿದಿದೆ. ತೊಡೆಯಿಂದ ಸೂಜಿಯಲ್ಲಿ ತೆಗೆದ ಸ್ನಾಯುವಿನ ಚೂರಿನಲ್ಲಿ ಸಿಕ್ಕರೆ ಲ್ಯೂಸಿನ್ ಸ್ನಾಯುವಿನ ಭಾಗವಾಗಿದೆ.

1988ರಲ್ಲಿ ಶ್ರೀಕುಮಾರನ್ ನಾಯರ್ ಮತ್ತು ಸಂಗಡಿಗರು ಇದೇ ವಿಧಾನದಿಂದ ಆರೋಗ್ಯವಂತರನ್ನು ಪರೀಕ್ಷಿಸಿದರು. ಈ ವಿಷಯದಲ್ಲಿ ಇಂದಿಗೂ ಎಲ್ಲರೂ ನೆನೆಯುವ ಕೆಲಸ ಅದು. ಮುಂದೆ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸ್ನಾಯು ಪ್ರೋಟೀನ್ ಬಗ್ಗೆ ದಶಕಗಟ್ಟಲೆ ದುಡಿದವರು ನಾಯರ್. ಬಿಎಚ್‌ಬಿಯನ್ನು ರಕ್ತನಾಳಕ್ಕೆ ಹನಿಸಿದಾಗ ಲ್ಯೂಸಿನ್ ಉರಿಯುವುದು ಶೇಕಡ 18ರಿಂದ 41ರಷ್ಟು ಇಳಿಯಿತು. ಸ್ನಾಯುವಿನ ಪ್ರೋಟೀನ್‌ಗೆ ಲ್ಯೂಸಿನ್ ಸೇರುವುದು ಶೇಕಡ 5ರಿಂದ 17ರಷ್ಟು ಏರಿತು. ಅದಕ್ಕೂ ಮುಂಚೆ, 1975ರಲ್ಲಿ, ರಾಬರ್ಟ್ ಶೆರ್ವಿನ್ ಮತ್ತು ಫಿಲಿಪ್ ಫೆಲಿಗ್ ಅವರ ತಂಡ ಕೀಟೋನ್ ಹನಿಸಿದಾಗ ರಕ್ತದಲ್ಲಿ ಅಲನೈನ್ ಇಳಿಯುವುದನ್ನು ಕಂಡಿತ್ತು. ಸ್ನಾಯುವಿನಿಂದ ಲಿವರ್‌ಗೆ ಹೋಗಿ ಗ್ಲೂಕೋಸ್ ಆಗುವ ಅಮೈನೋ ಆಮ್ಲ ಅದು. ಅದು ಇಳಿಯಿತು ಅಂದರೆ ಸ್ನಾಯುವಿನಿಂದ ಗ್ಲೂಕೋಸ್‌ಗೆ ಹೋಗುತ್ತಿದ್ದ ಸರಕು ಕಡಿಮೆಯಾಗಿದೆ.

ಇದು ಹೇಗೆ ಆಗುತ್ತದೆ? ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಈ ಮೂರನ್ನು ಸ್ನಾಯು ತಾನೇ ಉರಿಸಬಲ್ಲದು. ಕೀಟೋನ್ ಬಂದಾಗ ಸ್ನಾಯುವಿನ ಕೋಶಕ್ಕೆ ಸುಲಭವಾಗಿ ಉರಿಯುವ ಇಂಧನ ಸಿಗುತ್ತದೆ. ಇಂಧನ ಸಾಕಷ್ಟು ಇದೆ ಎಂಬ ಸೂಚನೆ ಸಿಕ್ಕಾಗ ಅಮೈನೋ ಆಮ್ಲ ಉರಿಸುವ ಎಂಜೈಮ್‌ಗಳು ನಿಧಾನವಾಗುತ್ತವೆ. ಉರಿಯದೆ ಉಳಿದ ಲ್ಯೂಸಿನ್‌ಗೆ ಇನ್ನೊಂದು ಗುಣ ಇದೆ. ಅದು ಕೋಶದೊಳಗೆ ಎಂ-ಟಾರ್ ಎಂಬ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಪ್ರೋಟೀನ್ ಕಟ್ಟುವ ಕೆಲಸ ಶುರುಮಾಡಿಸುವುದು ಅದೇ. ಹಾಗಾಗಿ ಉಳಿಸುವ ಕೆಲಸದಿಂದಲೇ ಕಟ್ಟುವ ಕೆಲಸಕ್ಕೂ ಸ್ವಲ್ಪ ಸಹಾಯ ಆಗಬಹುದು. ನಾಯರ್ ಅವರ ಅಂಕಿಗಳನ್ನೇ ನೋಡಿ. ಉರಿಯುವುದರಲ್ಲಿ ಆದ ಇಳಿಕೆ ದೊಡ್ಡದು, ಕಟ್ಟುವುದರಲ್ಲಿ ಆದ ಏರಿಕೆ ಚಿಕ್ಕದು.

ಕಾಯಿಲೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ಉದಾಹರಣೆ. ಹತ್ತು ಆರೋಗ್ಯವಂತ ಯುವಕರಿಗೆ ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ ಎಂಡೋಟಾಕ್ಸಿನ್ ಅನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅದನ್ನು ಕೊಟ್ಟರೆ ಸೋಂಕಿಲ್ಲದೆಯೇ ಕೆಲವು ಗಂಟೆ ಜ್ವರ, ಚಳಿ, ಮೈಕೈ ನೋವು ಬರುತ್ತದೆ. ಸ್ನಾಯುವಿನಿಂದ ಅಮೈನೋ ಆಮ್ಲಗಳು ಹರಿದುಹೋಗಲು ಶುರುವಾಗುತ್ತವೆ. ಆ ಹೊತ್ತಿಗೆ ಬಿಎಚ್‌ಬಿ ಹನಿಸಿದಾಗ ಈ ನಿವ್ವಳ ನಷ್ಟ ಸುಮಾರು ಶೇಕಡ 70ರಷ್ಟು ತಗ್ಗಿತು. ಇದು ದೊಡ್ಡ ಪರಿಣಾಮ. ನನಗೆ ಇದೇ ಕೀಟೋನ್ ಸಂಶೋಧನೆಯ ಅತ್ಯಂತ ಆಸೆ ಹುಟ್ಟಿಸುವ ಭಾಗ. ಐಸಿಯುನಲ್ಲಿ ಎರಡು ವಾರ ಮಲಗಿ ಎದ್ದವರ ಕಾಲು ಎಷ್ಟು ಸಣ್ಣಗಾಗಿರುತ್ತದೆ ಎಂದು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಈ ಪ್ರಯೋಗದಲ್ಲೂ ಕಂಡದ್ದು ನಷ್ಟ ತಡೆಯುವ ಗುಣವೇ.

ಬಾಟಲಿಯಲ್ಲಿ ಇರುವುದು ಏನು

ಇಲ್ಲಿಯವರೆಗೆ ಹೇಳಿದ್ದರಲ್ಲಿ ಉಪವಾಸ ಬಿಟ್ಟರೆ ಎಲ್ಲ ಕಡೆ ಕೀಟೋನ್ ಒಳಗೆ ಹೋದದ್ದು ರಕ್ತನಾಳದಿಂದ, ಗಂಟೆಗಟ್ಟಲೆ, ಒಂದೇ ಸಮನೆ. ಅಂಗಡಿಯಲ್ಲಿ ಸಿಗುವುದು ಕುಡಿಯುವ ವಸ್ತು. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕೀಟೋನ್ ಎಸ್ಟರ್, ಬಿಎಚ್‌ಬಿಯನ್ನು ಆಲ್ಕೋಹಾಲ್ ಗುಂಪಿನ ಒಂದು ರಾಸಾಯನಿಕದ ಜೊತೆ ಜೋಡಿಸಿದ ದ್ರವ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಿಚರ್ಡ್ ವೀಚ್ ಮತ್ತು ಆಕ್ಸ್‌ಫರ್ಡ್‌ನ ಕಿಯರನ್ ಕ್ಲಾರ್ಕ್ ಸೇರಿ ರೂಪಿಸಿದ್ದು, ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆ ಡಾರ್ಪಾ ಕೊಟ್ಟ ಹಣದಲ್ಲಿ. ಯುದ್ಧಭೂಮಿಯಲ್ಲಿ ಸೈನಿಕರಿಗೆ ಹಗುರವಾದ ಇಂಧನ ಬೇಕಿತ್ತು. ಇದನ್ನು ಕುಡಿದು ಒಂದು ಗಂಟೆಯೊಳಗೆ ಬಿಎಚ್‌ಬಿ 2ರಿಂದ 4 ಮಿಲಿಮೋಲ್‌ವರೆಗೂ ಏರುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಹಿಂದಿನ ಮಟ್ಟದ ಹತ್ತಿರ ಇಳಿಯುತ್ತದೆ. ರುಚಿ ವಿಪರೀತ ಕಹಿ. ಬೆಲೆಯೂ ಬಹಳ ಜಾಸ್ತಿ.

ಎರಡನೆಯದು ಕೀಟೋನ್ ಉಪ್ಪು. ಬಿಎಚ್‌ಬಿಯನ್ನು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿಸಿ ಮಾಡಿದ ಪುಡಿ. ಅಗ್ಗ, ಅದಕ್ಕೇ ಇದೇ ಜಾಸ್ತಿ ಸಿಗುತ್ತದೆ. ಆದರೆ ಏರಿಕೆ 1 ಮಿಲಿಮೋಲ್ ಆಸುಪಾಸಿಗೇ ನಿಲ್ಲುತ್ತದೆ. ಇದಕ್ಕೆ ಒಂದು ಕಾರಣ, ಇವುಗಳಲ್ಲಿ ಹಲವದರಲ್ಲಿ ಬಿಎಚ್‌ಬಿಯ ಎರಡು ಕನ್ನಡಿ-ರೂಪಗಳು ಅರ್ಧರ್ಧ ಬೆರೆತಿರುತ್ತವೆ. ನಮ್ಮ ಲಿವರ್ ತಯಾರಿಸುವುದು ಡಿ ರೂಪವನ್ನು. ಎಲ್ ರೂಪವನ್ನು ದೇಹ ಬಹಳ ನಿಧಾನವಾಗಿ ಬಳಸುತ್ತದೆ.

ಮೂರನೆಯದು ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಎಣ್ಣೆ, ತೆಂಗಿನೆಣ್ಣೆಯಿಂದ ಬೇರ್ಪಡಿಸಿದ್ದು. ಇದು ಸ್ವತಃ ಕೀಟೋನ್ ಅಲ್ಲ. ಲಿವರ್ ಇದನ್ನು ಬೇಗ ಕೀಟೋನ್ ಮಾಡುತ್ತದೆ, ಆದರೆ ಸ್ವಲ್ಪವೇ. ಸ್ನಾಯುವಿನ ಪ್ರಯೋಗಗಳಲ್ಲಿ ಕಂಡ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಸುಮ್ನೆ ತೆಂಗಿನೆಣ್ಣೆ ಕುಡಿದರೆ ಇನ್ನೂ ಕಡಿಮೆ.

ಅಂದರೆ ಎಸ್ಟರ್‌ನಲ್ಲಿ ನಡೆದ ಪ್ರಯೋಗವನ್ನು ತೋರಿಸಿ ಉಪ್ಪಿನ ಪುಡಿ ಮಾರಿದರೆ ಅದು ತಪ್ಪು. ನಾನು ಗಮನಿಸಿದ ಮಟ್ಟಿಗೆ ಇದು ಬಹಳ ಕಡೆ ನಡೆಯುತ್ತಿದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳವಾದದ್ದು. ಉಪವಾಸದಲ್ಲಿ ಕೀಟೋನ್ ಏರಿದಾಗ ಇನ್ಸುಲಿನ್ ತಳ ಸೇರಿರುತ್ತದೆ. ಊಟದ ಜೊತೆ ಎಸ್ಟರ್ ಕುಡಿದಾಗ ಕೀಟೋನೂ ಇನ್ಸುಲಿನ್ನೂ ಒಟ್ಟಿಗೇ ಏರಿರುತ್ತವೆ. ನಿಸರ್ಗದಲ್ಲಿ ಈ ಎರಡೂ ಹೀಗೆ ಕೂಡಿಬರುವುದು ಅಪರೂಪ. ಇನ್ಸುಲಿನ್‌ಗೆ ಸ್ನಾಯು ಪ್ರೋಟೀನ್ ಒಡೆಯುವುದನ್ನು ತಡೆಯುವ ಬಲವಾದ ಶಕ್ತಿ ಇದೆ. ಅದಕ್ಕೆ ಹೊಟ್ಟೆತುಂಬ ಉಣ್ಣಬೇಕಾಗಿಲ್ಲ, ಸಾಧಾರಣ ಊಟಕ್ಕೆ ಏರುವಷ್ಟು ಇನ್ಸುಲಿನ್ ಸಾಕು. ಊಟದ ಪ್ರೋಟೀನ್‌ನಿಂದ ಲ್ಯೂಸಿನ್ ಬೇರೆ ಬಂದಿರುತ್ತದೆ. ಒಡೆಯುವುದು ಆಗಲೇ ತಗ್ಗಿದೆ, ಕಟ್ಟುವುದು ಆಗಲೇ ನಡೆಯುತ್ತಿದೆ. ಅಲ್ಲಿ ಕೀಟೋನ್ ಹೊಸದಾಗಿ ಉಳಿಸಿಕೊಡುವುದು ಎಷ್ಟು?

ಕುಡಿದು ನೋಡಿದ ಪ್ರಯೋಗಗಳು

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಹೆಸ್ಪೆಲ್ ಅವರ ತಂಡ 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಕಷ್ಟದ ವ್ಯಾಯಾಮ ಆದ ಮೇಲೆ ಎಲ್ಲರಿಗೂ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಕೊಟ್ಟರು. ಒಂದು ಸಲ ಅದರ ಜೊತೆ ಕೀಟೋನ್ ಎಸ್ಟರ್ ಸೇರಿಸಿದರು, ಇನ್ನೊಂದು ಸಲ ಇಲ್ಲ. ಎಸ್ಟರ್ ಕೊಟ್ಟಾಗ ಸ್ನಾಯುವಿನ ಚೂರಿನಲ್ಲಿ ಎಂ-ಟಾರ್‌ನ ಸಂಕೇತಗಳು ಜಾಸ್ತಿ ಕಂಡವು. ಗ್ಲೈಕೋಜನ್ ತುಂಬಿಕೊಳ್ಳುವ ವೇಗ ಮಾತ್ರ ಬದಲಾಗಲಿಲ್ಲ. ಈ ಫಲಿತಾಂಶವನ್ನು ಜಾಹೀರಾತುಗಳು ತುಂಬಾ ಬಳಸಿಕೊಂಡಿವೆ. ಆದರೆ ಅಲ್ಲಿ ಅಳೆದದ್ದು ಸಂಕೇತವನ್ನು. ಕಟ್ಟಿದ ಪ್ರೋಟೀನನ್ನು ಅಳೆಯಬೇಕಾದರೆ ಗುರುತು ಹಾಕಿದ ಅಮೈನೋ ಆಮ್ಲ ಬೇಕು.

ಅದನ್ನು ಮಾಡಿದ್ದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ. 2024ರಲ್ಲಿ ಬಂದ ಈ ಪ್ರಯೋಗ ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು. ಆರೋಗ್ಯವಂತ ಯುವಕರು ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿದ್ದು ಬೆಳಿಗ್ಗೆ ಬಂದರು. ಒಂದು ಗುಂಪಿಗೆ ಕೀಟೋನ್ ಎಸ್ಟರ್, ಒಂದು ಗುಂಪಿಗೆ 10 ಗ್ರಾಂ ವ್ಹೇ ಪ್ರೋಟೀನ್, ಇನ್ನೊಂದಕ್ಕೆ ಎರಡೂ ಕೊಟ್ಟರು. ಯಾರಿಗೆ ಏನು ಕೊಟ್ಟಿದೆ ಎಂದು ಕುಡಿದವರಿಗೂ ಗೊತ್ತಿಲ್ಲ, ಅಳೆದವರಿಗೂ ಗೊತ್ತಿಲ್ಲ. ಸ್ನಾಯು ಸಂಕುಚಿಸುವ ನಾರುಗಳಲ್ಲಿ ಪ್ರೋಟೀನ್ ಕಟ್ಟುವ ವೇಗ ಮೂರೂ ಗುಂಪಿನಲ್ಲಿ ಏರಿತು. ಮೂರರಲ್ಲೂ ಏರಿಕೆ ಹೆಚ್ಚುಕಡಿಮೆ ಒಂದೇ.

ಇದನ್ನು ಎರಡು ಥರ ಓದಬಹುದು. ಒಂದು ಗ್ರಾಂ ಪ್ರೋಟೀನೂ ಇಲ್ಲದ ಕೀಟೋನ್ ಪಾನೀಯ ಸ್ನಾಯು ಕಟ್ಟುವುದನ್ನು ಹೆಚ್ಚಿಸಿತು! ನಿಜಕ್ಕೂ ಆಶ್ಚರ್ಯದ ಸಂಗತಿ, ವಿಜ್ಞಾನಿಗಳಿಗೆ ಹಬ್ಬ. ಆದರೆ ಬಾಟಲಿ ಕೊಳ್ಳುವವರು ನೋಡಬೇಕಾದದ್ದು ಇನ್ನೊಂದನ್ನು. ಬರೀ 10 ಗ್ರಾಂ ವ್ಹೇ ಅಷ್ಟೇ ಕೆಲಸ ಮಾಡಿತು. ಸಾಮಾನ್ಯವಾಗಿ ಒಂದು ಸ್ಕೂಪ್‌ನಲ್ಲಿ ಅದರ ಎರಡರಷ್ಟಾದರೂ ಪ್ರೋಟೀನ್ ಇರುತ್ತದೆ. ಎರಡನ್ನೂ ಸೇರಿಸಿ ಕೊಟ್ಟಾಗ ಇನ್ನಷ್ಟು ಏರಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ ತಿನ್ನುವವರಿಗೆ ಅಷ್ಟು ಪ್ರೋಟೀನ್ ಆಗಲೇ ಸಿಕ್ಕಿರುತ್ತದೆ.

ಮತ್ತೊಂದು ಎಚ್ಚರ. ಕೆಲವು ಗಂಟೆ ಅಳೆದ ಕಟ್ಟುವ ವೇಗವನ್ನು ನೋಡಿ ಮೂರು ತಿಂಗಳ ನಂತರದ ತೋಳಿನ ಗಾತ್ರ ಹೇಳಲು ಆಗುವುದಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. 23 ಯುವಕರು 16 ವಾರ ತೂಕ ಎತ್ತಿದರು. ಮೊದಲ ಸಲದ ವ್ಯಾಯಾಮದ ನಂತರ ಯಾರ ಸ್ನಾಯುವಿನಲ್ಲಿ ಪ್ರೋಟೀನ್ ಜಾಸ್ತಿ ವೇಗವಾಗಿ ಕಟ್ಟಿತ್ತೋ ಅವರ ಸ್ನಾಯುವೇ ಜಾಸ್ತಿ ಬೆಳೆಯಿತು ಎಂದು ಕಾಣಲಿಲ್ಲ. ಎರಡಕ್ಕೂ ಸಂಬಂಧವೇ ಸಿಗಲಿಲ್ಲ. ಅದರಲ್ಲಿ ಕೀಟೋನ್ ವಿಷಯ ಇರಲಿಲ್ಲ. ಆದರೂ ಒಂದು ಬೆಳಗಿನ ಅಳತೆಯಿಂದ ದೊಡ್ಡ ಭರವಸೆ ಕೊಡುವವರೆಲ್ಲರಿಗೂ ಅದು ಅನ್ವಯಿಸುತ್ತದೆ.

ವಾರಗಟ್ಟಲೆ ಕೀಟೋನ್ ಕೊಟ್ಟು ನೋಡಿದ ಪ್ರಯೋಗವೂ ಇದೆ, ಮತ್ತೆ ಲೂವೆನ್‌ನಿಂದಲೇ, 2019ರಲ್ಲಿ. ಯುವಕರಿಗೆ ಮೂರು ವಾರ ದೇಹ ತಡೆಯಲಾರದಷ್ಟು ಸೈಕಲ್ ತರಬೇತಿ ಕೊಟ್ಟರು. ಒಂದು ಗುಂಪು ಪ್ರತಿ ತರಬೇತಿಯ ನಂತರ ಮತ್ತು ಮಲಗುವ ಮುಂಚೆ 25 ಗ್ರಾಂ ಎಸ್ಟರ್ ಕುಡಿಯಿತು. ಆ ಗುಂಪು ಅಷ್ಟಾಗಿ ಸೋಲಲಿಲ್ಲ. ಊಟವೂ ಚೆನ್ನಾಗಿ ಸೇರಿತು, ಕೊನೆಯ ವಾರದಲ್ಲಿ ಜಾಸ್ತಿ ತರಬೇತಿ ತಡೆದುಕೊಂಡಿತು. ವೃತ್ತಿಪರ ಸೈಕಲ್ ತಂಡಗಳು ಕೀಟೋನ್ ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣ. ಉತ್ತೇಜಕ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿ ಕೀಟೋನ್ ಇಲ್ಲ. ಆದರೆ ಇಲ್ಲಿಯೂ ಒಂದು ಸಂಗತಿ ಗಮನಿಸಿ. ಪರಿಣಾಮ ಕಂಡದ್ದು ದೇಹ ತೀರಾ ಬಳಲಿ, ನಷ್ಟದ ಕಡೆ ವಾಲಿದಾಗ. ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಜಿಮ್ ಮಾಡುವವರ ದೇಹ ಆ ಸ್ಥಿತಿಗೆ ಹೋಗುವುದೇ ಇಲ್ಲ.

ಕೀಟೋ ಡಯಟ್ ಮಾಡುವವರು ಈ ಪ್ರಯೋಗಗಳನ್ನು ತಮ್ಮ ಪರವಾಗಿ ಎತ್ತಿಕೊಳ್ಳುವುದನ್ನೂ ನೋಡಿದ್ದೇನೆ. ಅದು ಬೇರೆಯೇ ವಿಷಯ. ಡಯಟ್‌ನಲ್ಲಿ ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟಿರುತ್ತಾರೆ, ಇನ್ಸುಲಿನ್ ಕಡಿಮೆ ಇರುತ್ತದೆ, ಗ್ಲೈಕೋಜನ್ ಜೊತೆ ನೀರೂ ಹೋಗಿರುತ್ತದೆ. ಪಾನೀಯ ಕುಡಿದು ಅದೇ ಫಲ ಸಿಗುತ್ತದೆ ಎಂದಾಗಲಿ, ಪಾನೀಯದ ಫಲ ಡಯಟ್‌ಗೂ ಇದೆ ಎಂದಾಗಲಿ ಹೇಳಲು ಬರುವುದಿಲ್ಲ.

ಹಾಗಾದರೆ ಆರೋಗ್ಯವಂತರು ಏನು ಮಾಡಬೇಕು

ಸ್ನಾಯು ಬೆಳೆಯಲು ಇರುವ ಬಲವಾದ ಪುರಾವೆ ಎರಡಕ್ಕೆ: ಭಾರ ಎತ್ತುವ ವ್ಯಾಯಾಮ, ಸಾಕಷ್ಟು ಪ್ರೋಟೀನ್. ಒಂದು ಸಲ ಚೆನ್ನಾಗಿ ಭಾರ ಎತ್ತಿದರೆ ಸ್ನಾಯು ಕಟ್ಟುವ ವೇಗ ಒಂದೆರಡು ದಿನದವರೆಗೂ ಮೇಲೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋ ಇರುವವರಿಗೆ 50 ಗ್ರಾಂ. ಇದು ಆರೋಗ್ಯ ಕಾಯ್ದುಕೊಳ್ಳಲು. ಭಾರ ಎತ್ತಿ ಸ್ನಾಯು ಬೆಳೆಸುವವರ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ಮಾಡಿದ ವಿಶ್ಲೇಷಣೆ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂವರೆಗೆ ಲಾಭ ಕಂಡಿತು. ಅದರಾಚೆ ಸರಾಸರಿ ಲಾಭ ಕಾಣಲಿಲ್ಲ.

ನಮ್ಮ ಊಟದಲ್ಲಿ ಇದನ್ನು ಮುಟ್ಟುವುದು ಅಷ್ಟು ಸುಲಭ ಅಲ್ಲ, ನಿಜ. ರಾಗಿಯಲ್ಲಿ ಪ್ರೋಟೀನ್ ಶೇಕಡ 7ರಷ್ಟು, ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ತೆಳ್ಳಗಿನ ಸಾರಿನಲ್ಲಿ ಬೇಳೆ ಇರುವುದೇ ಸ್ವಲ್ಪ. ಆದರೆ ಹುರುಳಿ, ಹೆಸರು, ಕಡಲೆ, ಅವರೆ ಇವುಗಳಲ್ಲಿ ಒಣಗಿದ್ದಾಗ ಶೇಕಡ 20ರ ಆಸುಪಾಸಿನಲ್ಲಿ ಇದೆ. ಸೋಯಾ ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೋಟೀನೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7. ಹುರುಳಿ ಬಸ್ಸಾರು ಮಾಡಿ ಕಾಳಿನ ಪಲ್ಯವನ್ನು ಧಾರಾಳವಾಗಿ ಹಾಕಿಕೊಂಡರೆ, ಜೊತೆಗೆ ಮೊಸರು ಇದ್ದರೆ, ಒಂದು ಊಟಕ್ಕೆ 15ರಿಂದ 20 ಗ್ರಾಂ ಬರುತ್ತದೆ. ತಿಂಗಳಿಗೆ ಸಾವಿರಾರು ರೂಪಾಯಿ ಕೀಟೋನ್‌ಗೆ ಹಾಕುವ ಮೊದಲು ಈ ಲೆಕ್ಕ ಹಾಕಿ ನೋಡಿ. ಪ್ರೋಟೀನ್ ಕಡಿಮೆ ಇರುವ ಊಟದ ಮೇಲೆ ಕೀಟೋನ್ ಸುರಿದರೆ ಕಟ್ಟಲು ಸರಕೇ ಇರುವುದಿಲ್ಲ. ಕೀಟೋನ್‌ನಲ್ಲಿ ಸಾರಜನಕ ಇಲ್ಲ, ಅದರಿಂದ ಪ್ರೋಟೀನ್ ಆಗಲು ಸಾಧ್ಯವಿಲ್ಲ.

ವಯಸ್ಸಾದವರ ವಿಷಯ ಬೇರೆ. ಅರವತ್ತು ದಾಟಿದ ಮೇಲೆ ಅದೇ ಪ್ರೋಟೀನ್ ತಿಂದರೂ ಸ್ನಾಯು ಕಟ್ಟುವುದು ಮೊದಲಿನಷ್ಟು ಏಳುವುದಿಲ್ಲ. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿ ಒಂದೆರಡು ವಾರದಲ್ಲಿ ಕಳೆದುಕೊಂಡ ಸ್ನಾಯುವನ್ನು ವರ್ಷ ಕಳೆದರೂ ಪೂರ್ತಿ ವಾಪಸ್ ಪಡೆಯದೇ ಇರಬಹುದು. ಹಸಿವೆ ಸತ್ತ ರೋಗಿ, ಐಸಿಯುನಲ್ಲಿರುವವರು, ಕ್ಯಾನ್ಸರ್‌ನಿಂದ ಸೊರಗುವವರು, ಇವರಲ್ಲಿ ಕೀಟೋನ್ ನಿಜವಾಗಿ ಸಹಾಯ ಮಾಡುತ್ತದೆಯೇ ಎಂದು ಎಚ್ಚರದಿಂದ ಪರೀಕ್ಷಿಸಬೇಕು. ಕಾಹಿಲ್ ಅವರಿಂದ ಆರ್ಹಸ್‌ವರೆಗಿನ ಎಲ್ಲ ಕೆಲಸವೂ ಆ ಕಡೆಗೇ ಕೈ ತೋರಿಸುತ್ತದೆ. ಸಂಶೋಧನೆಯ ಹಣ ಮತ್ತು ಗಮನ ಅಲ್ಲಿಗೆ ಹೋಗಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಆದರೂ ಕುಡಿದು ನೋಡಬೇಕು ಅನ್ನುವ ಆರೋಗ್ಯವಂತರು ಮೊದಲು ಲೇಬಲ್ ಓದಿ. ಎಸ್ಟರೋ ಉಪ್ಪೋ, ಒಂದು ಸಲಕ್ಕೆ ಬಿಎಚ್‌ಬಿ ಎಷ್ಟು ಗ್ರಾಂ, ಸೋಡಿಯಂ ಎಷ್ಟು, ಇಷ್ಟು ಬರೆದಿರದ ಡಬ್ಬಿ ಬೇಡ. ಕೀಟೋನ್ ಕೂಡ ಕ್ಯಾಲೊರಿಯೇ. 25 ಗ್ರಾಂ ಎಸ್ಟರ್‌ನಲ್ಲಿ ಸುಮಾರು 120 ಕ್ಯಾಲೊರಿ ಇದೆ. ಹೊಟ್ಟೆ ತೊಳೆಸುವುದು, ಭೇದಿ ಆಗುವುದು ಸಾಮಾನ್ಯ, ಮುಖ್ಯವಾಗಿ ಪ್ರಮಾಣ ಜಾಸ್ತಿಯಾದಾಗ. ಉಪ್ಪಿನ ರೂಪದಲ್ಲಿ ಸೋಡಿಯಂ ಜಾಸ್ತಿ ಇರುವುದರಿಂದ ಬಿಪಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ದೂರ ಇರುವುದೇ ಕ್ಷೇಮ. ಎಸ್ಟರ್ ಕುಡಿದಾಗ ರಕ್ತದ ಗ್ಲೂಕೋಸ್ ಸ್ವಲ್ಪ ಇಳಿಯುತ್ತದೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಇದನ್ನು ಮರೆಯಬಾರದು. ಟೈಪ್ 1 ಮಧುಮೇಹ ಇರುವವರು ಮತ್ತು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುವವರಲ್ಲಿ ಕೀಟೋನ್ ತಾನಾಗಿಯೇ ಅಪಾಯದ ಮಟ್ಟಕ್ಕೆ ಏರುವ ಸಾಧ್ಯತೆ ಇರುತ್ತದೆ. ಅವರು ತಮ್ಮ ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಅಷ್ಟೇ.